ಹಿಡಿ ಹಿಟ್ಟಿನಿಂದ ಎದ್ದ ಶಾಲೆಗಳು

ವಿದ್ಯಾಸಂಸ್ಥೆಗಳ ಚರಿತ್ರೆ ಬರೆಯುವಾಗ ಸ್ಥಾಪಕರ ಮತ್ತು ದೊಡ್ಡ ದಾನಿಗಳ ಹೆಸರು ಹೇಳಿ ಮುಗಿಸುವುದು ನಮ್ಮಲ್ಲಿ ರೂಢಿ. ಲಾಹೋರಿನ ಅಂಜುಮನ್ ಹಿಮಾಯತೆ ಇಸ್ಲಾಮ್‌ನ ಚರಿತ್ರೆಯನ್ನು ಹಾಗೆ ಬರೆದರೆ ಅದು ಅರ್ಧ ಚರಿತ್ರೆಯಾದೀತು.

1884ರ ಸೆಪ್ಟೆಂಬರ್‌ನಲ್ಲಿ ಮೋಚಿ ದರ್ವಾಜದ ಒಳಗಿನ ಒಂದು ಮಸೀದಿಯಲ್ಲಿ ಸೇರಿದ ಜನರು ಈ ಸಂಘವನ್ನು ಕಟ್ಟಿದರು. ಖಾಜಿ ಹಮೀದುದ್ದೀನ್ ಸಾಹೇಬರು ಮೊದಲ ಅಧ್ಯಕ್ಷರು. ಅಲಿಘರ್‌ನಲ್ಲಿ 1875ರಲ್ಲಿ ವಿದ್ಯಾಸಂಸ್ಥೆ ಆರಂಭಿಸಿದ ಸರ್ ಸಯ್ಯದ್ ಅಹ್ಮದ್ ಖಾನರಿಗೆ ನವಾಬರ, ಜಮೀನ್ದಾರರ ನೆರವು ಸಿಕ್ಕಿತ್ತು. ಲಾಹೋರಿನ ಈ ಜನ ಅಂಥ ಸಿರಿವಂತರಲ್ಲ. ಆದರೆ ಅವರ ಕಣ್ಣೆದುರಿಗೆ ತಂದೆ ತಾಯಿಯಿಲ್ಲದ ಮಕ್ಕಳಿದ್ದರು. ಆ ಮಕ್ಕಳಿಗೆ ಆಸರೆ ಕೊಡುತ್ತಿದ್ದುದು ಹೆಚ್ಚಾಗಿ ಮಿಷನರಿಗಳು. ನಮ್ಮ ಮಕ್ಕಳು ನಮ್ಮ ಧರ್ಮದಿಂದ ದೂರವಾಗುತ್ತಾರೆಂಬ ಆತಂಕ ಅವರದು. ಬರೀ ಆತಂಕಪಟ್ಟು, ದೂರು ಹೇಳಿ ಅವರು ಸುಮ್ಮನಾಗಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಹಣ ಎಲ್ಲಿಂದ ತರುವುದು? ಅವರು ಕಂಡುಕೊಂಡ ದಾರಿ ಬಹಳ ಸರಳ. ರೊಟ್ಟಿಗೆ ಹಿಟ್ಟು ನಾದುವ ಮುಂಚೆ ಮನೆಯವರು ಒಂದು ಹಿಡಿ ಹಿಟ್ಟು ತೆಗೆದಿಡಬೇಕು. ಅಂಜುಮನ್‌ನ ಕಾರ್ಯಕರ್ತರು ಮನೆ ಮನೆಗೆ ಹೋಗಿ ಅದನ್ನು ಕೂಡಿಸಿ, ಮಾರಿ, ಬಂದ ಹಣವನ್ನು ನಿಧಿಗೆ ಸೇರಿಸುತ್ತಿದ್ದರು. ಒಂದು ಹಿಡಿ ಕಡಿಮೆಯಾದರೆ ಯಾವ ಮನೆಯೂ ಉಪವಾಸ ಬೀಳುವುದಿಲ್ಲ. ನೂರಾರು ಮನೆಗಳ ಹಿಡಿ ಸೇರಿದರೆ ಮೂಟೆಗಳಾಗುತ್ತವೆ. ಹಿಟ್ಟು ತೆಗೆದಿಟ್ಟ ಕೈಗಳು ತಾಯಂದಿರವು. ಅವರಲ್ಲಿ ಒಬ್ಬರ ಹೆಸರೂ ಶಿಲಾಫಲಕದ ಮೇಲೆ ಕಾಣುವುದಿಲ್ಲ. ನನ್ನ ದೃಷ್ಟಿಯಲ್ಲಿ ಆ ಸಂಸ್ಥೆಯ ಮೊದಲ ದಾನಿಗಳು ಅವರೇ. ಅಂಜುಮನ್ ತನ್ನ ಆರಂಭದ ವರ್ಷಗಳಲ್ಲೇ ಹೆಣ್ಣುಮಕ್ಕಳಿಗೆ ಪ್ರಾಥಮಿಕ ಶಾಲೆ ತೆರೆದದ್ದು ಈ ಋಣಕ್ಕೆ ತಕ್ಕುದಾಗಿಯೇ ಇತ್ತು.

ಮುಂದೆ ಯತೀಂಖಾನೆ ಬಂತು, 1892ರಲ್ಲಿ ಇಸ್ಲಾಮಿಯಾ ಕಾಲೇಜು ಬಂತು. ಅಲ್ಲಿ ಇಂಗ್ಲಿಷ್ ವಿದ್ಯೆಯೂ ಇತ್ತು, ದೀನೀ ತಾಲೀಮೂ ಇತ್ತು. ಸಂಘದ ವಾರ್ಷಿಕ ಅಧಿವೇಶನಗಳು ಹಣ ಕೂಡಿಸುವ ದೊಡ್ಡ ಸಂದರ್ಭಗಳಾದವು. 1900ರ ಅಧಿವೇಶನದಲ್ಲಿ ಯುವಕ ಇಕ್ಬಾಲರು ಓದಿದ ಕವಿತೆಯ ಹೆಸರೇ ‘ನಾಲಾ ಎ ಯತೀಮ್’, ಅಂದರೆ ಅನಾಥನ ಅಳಲು. (ಇದೇ ಇಕ್ಬಾಲರು 1929ರಲ್ಲಿ ಬೆಂಗಳೂರು, ಮೈಸೂರಿಗೆ ಬಂದು, ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಸಮಾಧಿಗೂ ಹೋಗಿದ್ದರು.)

ಪಂಜಾಬಿನವರ ಈ ಕಾಳಜಿ ಪಂಜಾಬಿನಲ್ಲೇ ನಿಲ್ಲಲಿಲ್ಲ. 1921ರ ಮಲಬಾರ್ ದಂಗೆಯಲ್ಲಿ ಸಾವಿರಾರು ಮಾಪಿಳ್ಳ ಕುಟುಂಬಗಳು ದಿಕ್ಕೆಟ್ಟಾಗ, ಪಂಜಾಬಿನ ಮೌಲಾನಾ ಅಬ್ದುಲ್ ಖಾದಿರ್ ಕಸೂರಿ ಅವರ ಮುಂದಾಳುತನದಲ್ಲಿ 1922ರಲ್ಲಿ ಕಲ್ಲಿಕೋಟೆಯಲ್ಲಿ ಜೆ.ಡಿ.ಟಿ. ಇಸ್ಲಾಂ ಅನಾಥಾಲಯ ಆರಂಭವಾಯಿತು. ಭಾಷೆ ಬೇರೆ, ಊಟ ಬೇರೆ, ಹಾದಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಆ ಅನಾಥಾಲಯ ಇಂದು ಅನೇಕ ಶಾಲೆ ಕಾಲೇಜುಗಳ ಸಮೂಹವಾಗಿ ಬೆಳೆದಿದೆ.

ಲಾಹೋರಿನ ಅಂಜುಮನ್ 1947ರ ನಂತರ ಪಾಕಿಸ್ತಾನದ ಸಂಸ್ಥೆಯಾಯಿತು. 1972ರಲ್ಲಿ ಅಲ್ಲಿನ ಸರ್ಕಾರ ಖಾಸಗಿ ಕಾಲೇಜುಗಳನ್ನು ರಾಷ್ಟ್ರೀಕರಣ ಮಾಡಿದಾಗ ಇಸ್ಲಾಮಿಯಾ ಕಾಲೇಜು ಸಂಘದ ಕೈತಪ್ಪಿತು. ಅನಾಥ ಮಕ್ಕಳ ಮನೆ ಮಾತ್ರ ಅಂಜುಮನ್‌ನ ಬಳಿಯೇ ಉಳಿಯಿತು.