ಅವಿಭಾಜ್ಯಗಳನ್ನು ಪೋಣಿಸಿದವರು

ಒಂದರಿಂದ ಮತ್ತು ತನ್ನಿಂದ ಮಾತ್ರ ಶೇಷವಿಲ್ಲದೆ ಭಾಗವಾಗುವುದು ಅವಿಭಾಜ್ಯ ಸಂಖ್ಯೆ: 2, 3, 5, 7, 11, 13... ಇವನ್ನು ಕೂಡದೆ, ಗುಣಿಸದೆ, ಹೂವಿನಂತೆ ಒಂದರ ಪಕ್ಕ ಒಂದನ್ನು ಪೋಣಿಸುತ್ತಾ ಹೋದರೆ? ಒಮ್ಮೆ ನಾನು ಕಾಗದ ಹಿಡಿದು ಕೂತೆ. 23 ಅವಿಭಾಜ್ಯವೇ. 235 ಅಲ್ಲ, ಐದು ಅದನ್ನು ಒಡೆಯುತ್ತದೆ. 2357 ಮತ್ತೆ ಅವಿಭಾಜ್ಯ. 235711 ಎಂದರೆ 7 × 151 × 223. 23571113 ಎಂದರೆ 23 × 29 × 35339. ಅಲ್ಲಿಗೆ ನನ್ನ ಕೈಲೆಕ್ಕ ಸೋತಿತು. 2, 23, 2357ರ ನಂತರದ ಅವಿಭಾಜ್ಯ ಸಿಗಲು 719ರವರೆಗೂ ಪೋಣಿಸಬೇಕು. ಅದರಲ್ಲಿ 355 ಅಂಕಿಗಳಿವೆ.

ಇದು ಬರಿಯ ಆಟದಂತೆ ಕಾಣುತ್ತದೆ. ನಾವು ಹತ್ತರ ಬದಲು ಎಂಟರ ಲೆಕ್ಕದಲ್ಲಿ ಎಣಿಸುತ್ತಿದ್ದರೆ ಸಿಗುವ ಸಂಖ್ಯೆಗಳೇ ಬೇರೆ. ಆದರೂ ಈ ಆಟಕ್ಕೊಂದು ಗಂಭೀರ ಚರಿತ್ರೆಯಿದೆ.

1933ರಲ್ಲಿ, ಇನ್ನೂ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಡೇವಿಡ್ ಚಾಂಪರ್‌ನೌನ್ ಎಲ್ಲ ಎಣಿಕೆ ಸಂಖ್ಯೆಗಳನ್ನೂ ದಶಮಾಂಶ ಬಿಂದುವಿನ ಮುಂದೆ ಪೋಣಿಸಿದ: 0.123456789101112... ಈ ಸಾಲು ಮುಂದುವರಿದಂತೆ ಪ್ರತಿ ಅಂಕಿಯ ಪಾಲು ಹತ್ತರಲ್ಲೊಂದಕ್ಕೆ, ಪ್ರತಿ ಜೋಡಿಯ ಪಾಲು ನೂರರಲ್ಲೊಂದಕ್ಕೆ ಹತ್ತಿರವಾಗುತ್ತದೆ, ಯಾವುದಕ್ಕೂ ಪಕ್ಷಪಾತವಿಲ್ಲ ಎಂದು ಸಾಧಿಸಿದ. ಇಂಥದ್ದನ್ನು ಗಣಿತಜ್ಞರು ನಾರ್ಮಲ್ ಸಂಖ್ಯೆ ಎನ್ನುತ್ತಾರೆ. ಅವಿಭಾಜ್ಯಗಳನ್ನಷ್ಟೇ ಪೋಣಿಸಿದರೂ ಹೀಗೆಯೇ ಆಗಬೇಕೆಂಬುದು ಅವನ ಊಹೆ. 1946ರಲ್ಲಿ ಆರ್ಥರ್ ಕೋಪ್‌ಲ್ಯಾಂಡ್ ಮತ್ತು ಪಾಲ್ ಎರ್ಡಿಶ್ ಅದನ್ನು ನಿಜವೆಂದು ತೋರಿಸಿದರು. 0.235711131719... ಇಂದು ಅವರಿಬ್ಬರ ಹೆಸರಿನಲ್ಲೇ ಇದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಸಾಧನೆಯ ಬಗೆ. ಅವಿಭಾಜ್ಯತೆಯ ಗುಟ್ಟು ಅವರಿಗೆ ಬೇಕಾಗಲೇ ಇಲ್ಲ. ಏರುತ್ತಾ ಹೋಗುವ ಯಾವುದೇ ಸಂಖ್ಯೆಗಳ ಸಾಲು ಸಾಕಷ್ಟು ದಟ್ಟವಾಗಿದ್ದರೆ ಸಾಕು, ಪೋಣಿಸಿದ್ದು ನಾರ್ಮಲ್ ಆಗುತ್ತದೆ ಎಂದರು. ಅವಿಭಾಜ್ಯಗಳು ಅಷ್ಟು ದಟ್ಟವಾಗಿವೆ ಎಂಬುದು ಆಗಲೇ ಗೊತ್ತಿತ್ತು. ಗುಂಪಿನ ಗುಣ ಹೇಳಲು ಒಬ್ಬೊಬ್ಬರ ಜಾತಕ ಬೇಕಿಲ್ಲ.

ಅದೇ ಕಾರಣಕ್ಕೆ ನನ್ನ ಕಾಗದದ ಪ್ರಶ್ನೆ ಹಾಗೆಯೇ ಉಳಿಯಿತು. 2, 23, 2357ರಂಥವು ಅನಂತವಾಗಿವೆಯೇ? ಇನ್ನೂ ಯಾರೂ ಸಾಧಿಸಿಲ್ಲ. ಚಾಂಪರ್‌ನೌನ್‌ನ ಸಾಲಿನದು ಇನ್ನೂ ವಿಚಿತ್ರ: 1, 12, 123, 1234 ಎಂದು ಪೋಣಿಸುತ್ತಾ ಕಂಪ್ಯೂಟರುಗಳು ಮೂರು ಲಕ್ಷದಾಚೆಗೂ ಹೋಗಿ ಹುಡುಕಿದವು. ಒಂದೇ ಒಂದು ಅವಿಭಾಜ್ಯವೂ ಸಿಗಲಿಲ್ಲ. ಎಂದೂ ಸಿಗುವುದಿಲ್ಲ ಎನ್ನಲೂ ಯಾರ ಬಳಿಯೂ ಆಧಾರವಿಲ್ಲ.