ಹೆಬ್ಬಾಳದ 30 ಎಕರೆ

ವ್ಯವಸಾಯದಲ್ಲಿ ಹೊಸತನ್ನು ಕಂಡುಹಿಡಿಯುವುದಕ್ಕೆ ವೆಚ್ಚ ಮಾಡತಕ್ಕವರು ಯಾರು? ಒಂದೊಂದು ದೇಶವೂ ಇದಕ್ಕೆ ಒಂದೊಂದು ಬಗೆಯಾಗಿ ಉತ್ತರ ಕೊಟ್ಟಿದೆ. ಇಂಗ್ಲೆಂಡಿನಲ್ಲಿ ಜಾನ್ ಲಾಸ್ ಎಂಬ ಜಮೀನುದಾರರು 1843ರಲ್ಲಿ ರಾಥಾಮ್‌ಸ್ಟೆಡ್ಡಿನ ತಮ್ಮ ಹೊಲದಲ್ಲಿಯೇ ಪ್ರಯೋಗಗಳನ್ನು ಆರಂಭಿಸಿದರು. ಕೃತಕ ಗೊಬ್ಬರದ ವ್ಯಾಪಾರದಲ್ಲಿ ಬಂದ ಲಾಭವೇ ಅದಕ್ಕೆ ಆಧಾರ. ಜರ್ಮನಿಯ ಸ್ಯಾಕ್ಸನಿಯಲ್ಲಿ 1851ರಿಂದ ಸರ್ಕಾರವೂ ಕೈಜೋಡಿಸಿತು. ಅಮೆರಿಕದವರು 1862ರಲ್ಲಿ ಒಂದು ಕಾನೂನನ್ನೇ ಮಾಡಿದರು. ಶಾಸನಸಭೆಯಲ್ಲಿ ಒಂದು ಪ್ರಾಂತಕ್ಕೆ ಎಷ್ಟು ಮಂದಿ ಸದಸ್ಯರೋ, ತಲೆಗೆ 30,000 ಎಕರೆಯಂತೆ ಆ ಪ್ರಾಂತಕ್ಕೆ ಭೂಮಿ. ಅದನ್ನು ಮಾರಿ ಬಂದ ಹಣದಿಂದ ಕಾಲೇಜು.

ನಮ್ಮ ಮೈಸೂರಿನಲ್ಲಿ ನಡೆದುದೇನು? 1899ರಲ್ಲಿ, ರಾಜಪ್ರತಿನಿಧಿಗಳಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಉತ್ತರಕ್ಕಿರುವ ಹೆಬ್ಬಾಳದಲ್ಲಿ ಪ್ರಯೋಗಕ್ಷೇತ್ರಕ್ಕಾಗಿ 30 ಎಕರೆ ಕೊಟ್ಟರು. ಡಾಕ್ಟರ್ ಲೆಹ್‌ಮನ್ನರು ಅಲ್ಲಿ ಮಣ್ಣನ್ನೂ ಬೆಳೆಯನ್ನೂ ಪರೀಕ್ಷಿಸತೊಡಗಿದರು. ಅಲ್ಲಿ 30,000, ಇಲ್ಲಿ 30! ಕೇಳಿದವರಿಗೆ ನಗು ಬಂದೀತು. ನಮಗೆ ಕಾಣುವ ಭೇದ ಸೊನ್ನೆಗಳದ್ದಲ್ಲ. ಅವರದು ಕಾನೂನು, ನಮ್ಮದು ಅನುಗ್ರಹ. ಅನುಗ್ರಹವು ಕೊಡುವವರ ಮನಸ್ಸನ್ನು ಆಶ್ರಯಿಸಿರುವುದು. ನಮ್ಮ ಪುಣ್ಯಕ್ಕೆ ಇಲ್ಲಿ ಅದು ಬಾಡಲಿಲ್ಲ.

1908ರಲ್ಲಿ ಕೆನಡಾದಿಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಬಂದರು. ಆಗ ಮಲೆನಾಡಿನ ಅಡಕೆತೋಟಗಳನ್ನು ಕೊಳೆರೋಗವು ಹಾಳುಮಾಡುತ್ತಿತ್ತು. ಜಡಿಮಳೆ ಹಿಡಿಯಿತೆಂದರೆ ಎಳೆಗಾಯಿಗಳು ಕೊಳೆತು ಬುಡದಲ್ಲಿ ರಾಶಿಯಾಗಿ ಉದುರುವುವು. ಗೊನೆಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದು ತೋಟದವರ ಹಳೆಯ ಉಪಾಯ. ಅದು ಅಜ್ಞಾನದ ಉಪಾಯವೇನೂ ಅಲ್ಲ, ಶ್ರಮ ಮಾತ್ರ ವಿಪರೀತ. ಕೋಲ್ಮನ್ನರು ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣ ಕೂಡಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ತಂದರು. ಈ ದ್ರಾವಣವು ಫ್ರಾನ್ಸಿನ ದ್ರಾಕ್ಷಿತೋಟಗಳದ್ದು. 1885ರ ಸುಮಾರಿಗೆ ಅಲ್ಲಿ ಬಳಕೆಗೆ ಬಂದದ್ದು. ಪರದೇಶದ ಮದ್ದು ಇಲ್ಲಿ ಹಿಡಿದುದೇಕೆ? ಫ್ರಾನ್ಸಿನಲ್ಲಿ ಸೊಂಟದೆತ್ತರದ ಬಳ್ಳಿ. ಇಲ್ಲಿಯೋ ಮುಗಿಲಿಗೆ ಚಾಚಿದ ನುಣುಪಾದ ಮರ, ಮೇಲೆ ಮಲೆನಾಡಿನ ಮಳೆ. ಮದ್ದು ತೊಳೆದುಹೋಗದಂತೆ ಅಂಟು ಬೆರೆಸಬೇಕು. ಕೊನೆಗಾರನು ಮರವೇರಿ ಸಿಂಪಡಿಸಬೇಕು. ಇವೆಲ್ಲವನ್ನೂ ತೋಟದಲ್ಲಿಯೇ ಮಾಡಿ ತೋರಿಸಬೇಕಾಯಿತು. ಅಮೆರಿಕದವರು ಹೊಲಕ್ಕೆ ಹೋಗಿ ಹೇಳಿಕೊಡುವ ಕೆಲಸಕ್ಕೆ ಕೇಂದ್ರದ ಹಣ ಒದಗಿಸುವ ಕಾನೂನನ್ನು ಮಾಡಿದ್ದು 1914ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

1913ರಲ್ಲಿ ಹೆಬ್ಬಾಳದಲ್ಲಿ ವ್ಯವಸಾಯದ ಶಾಲೆ ತೆರೆಯಿತು, 1946ರಲ್ಲಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ. ಇದಕ್ಕೆ ಮಾದರಿಯಾದದ್ದು ಅಮೆರಿಕದ ಆ ಭೂದಾನದ ಕಾಲೇಜುಗಳೇ. ಹೀಗೆ ಅನುಗ್ರಹವು ಕಡೆಗೆ ಕಾನೂನಿನ ಬಲ ಪಡೆಯಿತು.

ಆದರೆ ಯಾವ ದೇಶದ ಮಾದರಿಯಿಂದಲೂ ಎರವಲು ತರಲಾಗದ ಬೆಳೆಯೊಂದು ನಮ್ಮದಿತ್ತು. ಇಂಗ್ಲೆಂಡು ಗೋಧಿಯನ್ನು ನೋಡಿಕೊಂಡಿತು, ಅಮೆರಿಕ ಜೋಳವನ್ನು. ಅವರಿಗೆ ರಾಗಿಯ ಗೊಡವೆ ಏಕೆ? ಆ ಹೊಣೆ ನಮ್ಮದೇ ಆಗಿತ್ತು. ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು, ಕಣ್ಣಿಗೆ ಹತ್ತದಷ್ಟು ಸಣ್ಣದಾದ ರಾಗಿಯ ಹೂಗಳನ್ನು ಕೂಡಿಸಿ, ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿದರು. 1970ರ ದಶಕದಿಂದ ರೈತರ ಕೈಸೇರಿದ ಆ ತಳಿಗಳಿಗೆ ಇಂಡಿಯಾ, ಆಫ್ರಿಕ ಎರಡನ್ನೂ ಸೇರಿಸಿ ಇಂಡಾಫ್ ಎಂದು ಹೆಸರಿಟ್ಟರು. ಅವರನ್ನು ಜನರು ಇಂದಿಗೂ ಕರೆಯುವುದು ರಾಗಿ ಲಕ್ಷ್ಮಣಯ್ಯನವರೆಂದು.