ಹಳೇ ಮನೆ ಕಿಡಕಿ ಗ್ಲಾಸಿನ ಬಣ್ಣ ಕೆರೆಯುವ ಮುನ್ನ ಇದನ್ನೊಮ್ಮೆ ಓದ್ರಿ

ರಾಯಚೂರು: ನಗರದ ಹಳೇ ಓಣಿಗಳಲ್ಲಿ, ದೇವದುರ್ಗ ಮತ್ತು ಮಾನ್ವಿ ಪಟ್ಟಣದ ಹಳೇ ಮನೆಗಳಲ್ಲಿ ಕಿಡಕಿ ಗ್ಲಾಸಿಗೆ ಬಣ್ಣ ಬಳಿದಿರುವುದು ಹೊಸದೇನಲ್ಲ. ಬಿಸಿಲು ಒಳಗೆ ಬರಬಾರದು, ಹಾದು ಹೋಗುವವರಿಗೆ ಮನೆ ಒಳಗಿನದು ಕಾಣಬಾರದು ಅಂತ ಹಿರಿಯರು ಹಚ್ಚಿಸಿದ್ದು ಕೆಲವು ಕಡೆ. ಚೌಕಟ್ಟಿಗೆ ಬಣ್ಣ ಹೊಡೆಯುವಾಗ ಬ್ರಷ್ ಜಾರಿ ಅಂಟಿದ್ದು ಇನ್ನು ಕೆಲವು ಕಡೆ. ಅಂಗಡಿ ಗ್ಲಾಸಿನ ಮೇಲೆ ಹಳೇ ಮಾಲೀಕರ ಹೆಸರು ಹಾಗೇ ಉಳಿದಿರುವುದೂ ಉಂಟು. ಹಬ್ಬ, ಮದುವೆ ಹತ್ತಿರ ಬಂದರೆ ಬ್ಲೇಡ್ ಹಿಡಿದು ಕೂಡುವವರೇ ಹೆಚ್ಚು. ಕೆಲಸ ಸಣ್ಣದು. ಆದರೆ ತಪ್ಪಾಗಿ ಮಾಡಿದರೆ ಕೆಡುವುದು ಗ್ಲಾಸಷ್ಟೇ ಅಲ್ಲ, ಸಣ್ಣ ಮಕ್ಕಳ ಆರೋಗ್ಯವೂ ಹೌದು.

ಸೀಸದ ಭಯ ಯಾಕೆ?

ಹಳೇ ಆಯಿಲ್ ಪೇಂಟ್‌ಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅಂದರೆ ಒಂದು ಕಿಲೋಗೆ 90 ಮಿಲಿಗ್ರಾಂ. ಇದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಮೊದಲು ಹಚ್ಚಿದ ಬಣ್ಣವಾದರೆ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡುವುದು ಒಳ್ಳೇದು. ಒಣ ಬಣ್ಣ ಕೆರೆದಾಗ ಏಳುವ ಧೂಳು ನೆಲದ ಮೇಲೆ ಕೂಡುತ್ತದೆ. ಅಂಬೆಗಾಲಿಡುವ ಮಗು ಅದೇ ಕೈ ಬಾಯಿಗೆ ಇಡುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಪೆಟ್ಟು ಕೊಡುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಯಾವ ಬಣ್ಣ? ಮೊದಲು ಪರೀಕ್ಷೆ ಮಾಡ್ರಿ

ಗ್ಲಾಸಿನ ಒಂದು ಮೂಲೆಯಲ್ಲಿ ಇಷ್ಟು ನೋಡಿಕೊಳ್ಳಿ:

• ವಿನೆಗರ್ ಅಥವಾ ನಿಂಬೆ ರಸ ಹಚ್ಚಿದಾಗ ಸಣ್ಣಗೆ ನೊರೆ ಬಂದರೆ ಅದು ಸುಣ್ಣ. ಅದರಲ್ಲೇ ನೆನೆಸಿ ಒರೆಸಿದರೆ ಬಿಡುತ್ತದೆ.
• ಬೆಚ್ಚನೆ ನೀರಿಗೆ ಕರಗಿ ಬಂದರೆ ಡಿಸ್ಟೆಂಪರ್.
• ಮೆಡಿಕಲ್ ಅಂಗಡಿಯ ಸ್ಪಿರಿಟ್ ಹಚ್ಚಿದ ಹತ್ತಿಗೆ ಬಣ್ಣ ಅಂಟಿದರೆ ಎಮಲ್ಷನ್.
• ಯಾವುದಕ್ಕೂ ಜಗ್ಗದಿದ್ದರೆ ಆಯಿಲ್ ಪೇಂಟ್.

ಇನ್ನೊಂದು ಮಾತು. ಬಾಗಿಲ ಮೇಲಿನ ಕಮಾನಿನಲ್ಲಿ ಕೆಂಪು, ಹಸಿರು, ನೀಲಿ ಗ್ಲಾಸ್ ಇದ್ದರೆ ಅದು ಬಳಿದ ಬಣ್ಣ ಆಗಿರಲಿಕ್ಕಿಲ್ಲ, ಗ್ಲಾಸೇ ಬಣ್ಣದ್ದಿರಬಹುದು. ಉಗುರಿನಿಂದ ಮುಟ್ಟಿ ನೋಡಿ, ಎರಡೂ ಕಡೆ ಒಂದೇ ಸಮ ನುಣುಪಾಗಿದ್ದರೆ ಕೆರೆಯಬೇಡಿ. ಅಂಥ ಗ್ಲಾಸ್ ಒಡೆದರೆ ಅದೇ ಬಣ್ಣದ್ದು ಮತ್ತೆ ಸಿಗುವುದು ಕಷ್ಟ.

ತೆಗೆಯುವ ಕ್ರಮ

1. ಬೆಳಿಗ್ಗೆ ತಂಪಿರುವಾಗಲೇ ಶುರು ಮಾಡ್ರಿ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾದ ಗ್ಲಾಸಿಗೆ ತಣ್ಣೀರು ಬಿದ್ದರೆ ಸೀಳುತ್ತದೆ.
2. ಮಕ್ಕಳು, ಗರ್ಭಿಣಿಯರು ಆ ಕೋಣೆಯಲ್ಲಿ ಇರಬಾರದು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಅಂಗಳದಾಗ ಮೆಣಸಿನಕಾಯಿ, ಹಪ್ಪಳ, ಸಂಡಿಗೆ ಒಣಹಾಕಿದ್ದರೆ ಮೊದಲು ಎತ್ತಿಡಿ.
3. ಎನ್-95 ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು.
4. ಸೋಪಿನ ನೀರು ಹಚ್ಚಿ ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ಹಿಡಿಕೆ ಇರುವ ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಒಂದೇ ದಿಕ್ಕಿಗೆ ತಳ್ಳಿ, ಹಿಂದಕ್ಕೆ ಎಳೆಯಬೇಡಿ. ಗ್ಲಾಸ್ ಒಣಗಿದಂತೆ ಮತ್ತೆ ನೀರು ಹಚ್ಚುತ್ತಿರಿ. ತುಕ್ಕು ಹಿಡಿದ ಬ್ಲೇಡ್, ಸ್ಯಾಂಡ್ ಪೇಪರ್, ಪಾತ್ರೆ ತಿಕ್ಕುವ ತಂತಿ ಗೀರು ಬೀಳಿಸುತ್ತವೆ.
5. ಬಗ್ಗದಿದ್ದರೆ ಪೇಂಟ್ ಅಂಗಡಿಯ ಪೇಂಟ್ ರಿಮೂವರ್ ಹಚ್ಚಿ. ಬಾಗಿಲು, ಕಿಡಕಿ ತೆರೆದಿರಲಿ. ಒಲೆ, ಬೀಡಿ, ದೀಪ ಹತ್ತಿರ ಬೇಡ. ಗ್ಲಾಸ್ ಹಿಡಿದಿರುವ ಪುಟ್ಟಿಗೆ ಅದು ತಾಗಬಾರದು. ಪುಟ್ಟಿ ಸಡಿಲಾದರೆ ಗ್ಲಾಸ್ ಕಳಚುತ್ತದೆ.

ಬೆಂಕಿ ಹಿಡಿದು ಬಣ್ಣ ಸುಡುವುದು ಬೇಡವೇ ಬೇಡ. ಗ್ಲಾಸ್ ಸಿಡಿಯುತ್ತದೆ, ಸೀಸದ ಹೊಗೆ ನೇರ ಎದೆಗೆ ಇಳಿಯುತ್ತದೆ. ಅಂಗಡಿಯವರು ಗಮನಿಸಬೇಕಾದದ್ದು: ಈಗಿನ ಗ್ಲಾಸ್ ಬಾಗಿಲುಗಳು ಬಹುತೇಕ ಟಫನ್ಡ್ ಗ್ಲಾಸಿನವು. ಅವುಗಳಿಗೆ ಬ್ಲೇಡ್ ತಾಗಿಸಿದರೆ ಗೀರು ಬೇಗ ಬೀಳುತ್ತದೆ. ರಿಮೂವರ್ ಮತ್ತು ಮೆತ್ತನೆ ಬಟ್ಟೆಯೇ ಸರಿ.

ಕೆಲಸ ಮುಗಿದ ಮೇಲೆ

ಕಸಬರಿಗೆಯಿಂದ ಗುಡಿಸಬೇಡಿ, ಧೂಳು ಮತ್ತೆ ಏಳುತ್ತದೆ. ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ. ಚೂರು, ಬಟ್ಟೆ, ಹಾಳೆ ಎಲ್ಲ ಸುತ್ತಿ ಚೀಲದಲ್ಲಿ ಕಟ್ಟಿ, ಪೇಂಟ್ ಕಸ ಅಂತ ಹೇಳಿ ಕಸದ ಗಾಡಿಗೆ ಬೇರೆಯಾಗಿ ಕೊಡಿ. ಚರಂಡಿಗೆ, ತಿಪ್ಪೆಗೆ, ಗಿಡದ ಬುಡಕ್ಕೆ ಹಾಕಬೇಡಿ, ಸುಡಲೂ ಬೇಡಿ. ಮೈಮೇಲಿನ ಬಟ್ಟೆ ಬೇರೆಯಾಗಿ ಒಗೆದು, ಸ್ನಾನ ಮಾಡಿಯೇ ಮಕ್ಕಳನ್ನು ಎತ್ತಿಕೊಳ್ಳಿ.

ಮಗು ಬಣ್ಣದ ಚೂರು ತಿಂದ ಅನುಮಾನ ಇದ್ದರೆ ತಡ ಮಾಡದೆ ಮಾನ್ವಿ, ದೇವದುರ್ಗದ ತಾಲ್ಲೂಕು ಆಸ್ಪತ್ರೆಗೆ ಅಥವಾ ರಾಯಚೂರಿನ ರಿಮ್ಸ್‌ಗೆ ಕರೆದೊಯ್ಯಿರಿ. ಹಳೇ ಪೇಂಟ್ ಅಂತ ವೈದ್ಯರಿಗೆ ಬಿಡಿಸಿ ಹೇಳಿ.

ಬಣ್ಣ ಗಟ್ಟಿಯಾಗಿ ಅಂಟಿದ್ದು, ಎಲ್ಲೂ ಉದುರದಿದ್ದರೆ ಹಾಗೇ ಬಿಟ್ಟರೂ ನಡೆಯುತ್ತದೆ. ಹಾನಿ ಮಾಡುವುದು ಉದುರುವ ಬಣ್ಣ. ತೆಗೆದ ಮೇಲೆ ಬಿಸಿಲಿಗೆ ಮರೆ ಬೇಕೆಂದರೆ ಹೊರಗಡೆ ಬಿದಿರಿನ ಪರದೆ ಕಟ್ಟಿ. ಮತ್ತೆ ಬಣ್ಣವೇ ಬೇಕೆಂದರೆ ಡಬ್ಬಿ ಮೇಲೆ ಸೀಸದ ಪ್ರಮಾಣ ಬರೆದದ್ದು ನೋಡಿಯೇ ತೊಗೊಳ್ರಿ.